ಎರಡನೇ ಕೀ ಯಾರ ಹತ್ತಿರ?

ಬೀದಿಯವರೆಲ್ಲ ಅವಳನ್ನು ಚಿಲಕದಕ್ಕ ಅಂತಲೇ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಮನೆಯಿಂದ ಹೊರಟವಳು ಬೀದಿಯ ತುದಿ ಮುಟ್ಟಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಎಳೆದು ನೋಡದ ದಿನವಿರಲಿಲ್ಲ. ಗ್ಯಾಸ್ ಆರಿಸಿದ್ದನ್ನು ಗಂಡನ ಕೈಲಿ ನೋಡಿಸಿ, ಗಂಡ ಸರಿಯಾಗಿ ನೋಡಿದರೋ ಇಲ್ಲವೋ ಎಂದು ತಾನೇ ಮತ್ತೊಮ್ಮೆ ನೋಡುವ ಹೆಂಗಸು. ಇಂಥವಳ ಕಾರೇ ಹಾಡಹಗಲಲ್ಲಿ ಮನೆಮುಂದಿನಿಂದ ಮಾಯವಾಯಿತು.

ಕಾರು ಅವಳಿಗೆ ಮೆರೆಯುವ ವಸ್ತುವಾಗಿರಲಿಲ್ಲ. ಮನೆಮನೆಗೆ ಹೋಗಿ ಕಿಟಕಿಯ ಅಳತೆ ತೆಗೆದು, ಪರದೆ ಹೊಲಿದು, ತಾನೇ ಏಣಿ ಹತ್ತಿ ತೂಗುಹಾಕಿ ಬರುವ ಕೆಲಸ ಅವಳದು. ಹಿಂದಿನ ಸೀಟು ಮಡಚಿ ಬಟ್ಟೆಯ ಥಾನು, ಪರದೆಯ ಸರಳು, ಏಣಿ ಎಲ್ಲ ತುರುಕಿಕೊಳ್ಳುತ್ತಿದ್ದಳು. ಕಾರು ಇಲ್ಲವೆಂದರೆ ಅರ್ಧ ಕೆಲಸ ಇಲ್ಲವೆಂದೇ ಲೆಕ್ಕ.

ಕೊಳ್ಳುವ ದಿನ ಷೋರೂಮಿಗೆ ಗಂಡನಿಗಿಂತ ಮೊದಲು ತಮ್ಮನನ್ನು ಕರೆದುಕೊಂಡು ಹೋಗಿದ್ದಳು. ಎರಡು ಬೀದಿ ಆಚೆ ಫ್ರಿಜ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ತಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, "ಸ್ಟೇರಿಂಗಿಗೆ ಒಂದು ಕಬ್ಬಿಣದ ಲಾಕ್ ಹಾಕ್ಸು ಅಕ್ಕ" ಎಂದ. "ಕಣ್ಣಿಗೆ ಕಾಣೋ ಬೀಗ ಇದ್ರೆ ಕಳ್ಳ ಅಷ್ಟು ಬೇಗ ಕೈ ಹಾಕಲ್ಲ."

ಮಾರಾಟದವನು ನಕ್ಕುಬಿಟ್ಟ. "ಸಾರ್, ಅದೆಲ್ಲ ಹಳೇ ಕಾಲದ್ದು. ಎಲ್ಲಾ ಕಂಪನಿಯವರೇ ಕೊಟ್ಟಿದ್ದಾರೆ. ಮೇಡಂ, ಈ ಕೀ ಹತ್ತಿರ ಇದ್ರೆ ಮಾತ್ರ ಕಾರು ಸ್ಟಾರ್ಟ್ ಆಗತ್ತೆ. ಇಲ್ಲಾಂದ್ರೆ ದೇವರೇ ಬಂದು ಕೂತ್ರೂ ಅಲ್ಲಾಡಲ್ಲ."

ಕಟ್ಟಿಕೊಂಡ ಗಂಡನ ಮಾತನ್ನೇ ಎರಡು ಸಲ ಒರೆಗೆ ಹಚ್ಚುವವಳು ಟೈ ಕಟ್ಟಿಕೊಂಡವನ ಮಾತನ್ನು ಒಂದೇ ಸಲಕ್ಕೆ ನಂಬಿದಳು. ನಂಬಿಕೆಯ ವಿಷಯದಲ್ಲಿ ನಮ್ಮಂಥವರ ಹಣೆಬರಹವೇ ಅಷ್ಟು, ಎಲ್ಲಿ ಇಡಬಾರದೋ ಅಲ್ಲೇ ಇಡುತ್ತೇವೆ. ಕಾರಿನ ಜೊತೆ ಎರಡು ಕೀ ಬಂದವು. ಒಂದು ಅವಳ ಕೈಚೀಲ ಸೇರಿತು. ಇನ್ನೊಂದನ್ನು ತಮ್ಮನಿಗೆ ಕೊಟ್ಟಳು, ಸರ್ವಿಸಿಗೆ ಬಿಡುವವನು ಅವನೇ ತಾನೆ.

ಕಾರು ಹೋದದ್ದು ಒಂದು ಭಾನುವಾರ, ಊಟವಾಗಿ ಎಲ್ಲರೂ ಸ್ವಲ್ಪ ಅಡ್ಡಾಗಿದ್ದ ಹೊತ್ತಿನಲ್ಲಿ. ಎದ್ದು ಕಿಟಕಿಯಿಂದ ನೋಡಿದಾಗ ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೂ ಇರಲಿಲ್ಲ. ಹೊಸ ಕಾರು, ಸೋರುವುದಾದರೂ ಏನು? ಅವಳು ಪೊಲೀಸರಿಗೆ ಫೋನು ಮಾಡಿದಳು.

ಪೊಲೀಸಿನವನು ಬಂದು ನೆಲ ನೋಡಿದ. ಗಾಜಿನ ಚೂರಿಲ್ಲ, ಎಳೆದ ಗುರುತಿಲ್ಲ. ಅಲಾರಂ ಕೂಗಿದ್ದನ್ನು ಅಕ್ಕಪಕ್ಕದವರು ಯಾರೂ ಕೇಳಿಲ್ಲ. ಹೊಟ್ಟೆ ಸವರಿಕೊಳ್ಳುತ್ತಾ, "ಈ ಕಾರು ಕೀ ಇಲ್ದೆ ಹೋಗಲ್ಲಮ್ಮ" ಎಂದ. "ನಿಮ್ಮದು ನಿಮ್ಮ ಹತ್ರ ಇದೆ. ಎರಡನೇ ಕೀ ಯಾರ ಹತ್ತಿರ?"

"ನನ್ನ ತಮ್ಮನ ಹತ್ರ" ಎಂದಳು.

ಪೊಲೀಸಿನವನು ಬರೀ ತಲೆಯಾಡಿಸಿದ. ಅಷ್ಟೇ ಸಾಕಾಯಿತು, ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ತಮ್ಮನಿಗೆ ಫೋನು ಮಾಡಿದಳು. ಕಾರು ಹೋಯಿತೆಂದಾಗ "ಅಯ್ಯೋ" ಎಂದ. ಕೀ ಎಲ್ಲಿದೆ ಎಂದು ಕೇಳಿದಳು. "ಇಲ್ಲೇ ಎಲ್ಲೋ ಇಟ್ಟಿದ್ದೀನಕ್ಕ. ಹುಡುಕಿ ನಾಳೆ ತರ್ತೀನಿ."

ಇಲ್ಲೇ ಎಲ್ಲೋ! ಅಷ್ಟು ಬೆಲೆಬಾಳುವ ಕೀ ಇಲ್ಲೇ ಎಲ್ಲೋ ಇರುತ್ತದೆಯೇ? ಫೋನು ಇಟ್ಟವಳು ತರಕಾರಿ ಹೆಚ್ಚುತ್ತಾ ಒಂದೊಂದಾಗಿ ಪೋಣಿಸತೊಡಗಿದಳು. ಷೋರೂಮಿನಲ್ಲಿ ಕಳ್ಳ ಹೀಗೆ ಮಾಡುತ್ತಾನೆ, ಹಾಗೆ ಮಾಡುತ್ತಾನೆ ಎಂದವನು ಯಾರು? ಕಳ್ಳನ ಮನಸ್ಸು ಅವನಿಗೆ ಹೇಗೆ ಗೊತ್ತು? ಹೋದ ತಿಂಗಳು ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದ, ಎಲ್ಲಿಂದ ಬಂತು? ಅದಕ್ಕೂ ಹಿಂದಿನದು ಒಂದಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಪಕ್ಕದ ಮನೆಯವರ ಸ್ಕೂಟರು ಓಡಿಸಿಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೂತಿದ್ದ. ಇದೇ ಅಕ್ಕ ಹೋಗಿ, ನನ್ನ ತಮ್ಮ ಅಂಥವನಲ್ಲ ಎಂದು ಕಿರುಚಾಡಿ ಬಿಡಿಸಿಕೊಂಡು ಬಂದಿದ್ದಳು.

"ನಿನಗೇನು ಹುಚ್ಚಾ? ಅವನು ನಿನ್ನ ಕಾರು ಕದೀತಾನಾ?" ಎಂದರು ಗಂಡ.

"ಕದ್ದ ಅಂತ ನಾನೆಲ್ಲಿ ಹೇಳಿದೆ? ಕೀ ಅವನ ಹತ್ರ ಇದೆ ಅಂದೆ. ಇರೋದನ್ನ ಇದೆ ಅನ್ನೋದೂ ತಪ್ಪಾ?"

ಮಾರನೆಯ ದಿನ ತಮ್ಮ ಕೀ ತಂದುಕೊಟ್ಟ. ಅದರ ಮೇಲೆಲ್ಲ ಹಸಿರು ಬಣ್ಣದ ಗೀಚು, ಸಂದಿಯಲ್ಲಿ ಕ್ರೇಯಾನಿನ ಮೇಣ. "ಮಗಳು ಆಟದ ಸಾಮಾನಿನ ಡಬ್ಬಿಗೆ ಹಾಕ್ಕೊಂಡಿದ್ಲು. ಮನೆಯೆಲ್ಲ ತಡಕಾಡಿದೆ" ಎಂದು ಬೆಪ್ಪಾಗಿ ನಕ್ಕ. ಅವಳು ನಗಲಿಲ್ಲ. ಕೀ ಯಾರಿಗೋ ಕೊಟ್ಟು ವಾಪಸು ತರಿಸಿಕೊಂಡವನೂ ಹೀಗೇ ಏನಾದರೊಂದು ಹೇಳುತ್ತಾನೆ, ಮಗುವಿನ ತಲೆಗೆ ಕಟ್ಟಿದರೆ ಕೇಳುವವರು ಯಾರು ಎಂದುಕೊಂಡಳು. ಅವನಿಗೆ ಟೀ ಕೊಡುವಾಗ ಅವನ ಕೈ ನಡುಗುತ್ತಿದೆಯೇ ಎಂದು ನೋಡಿದಳು. ನಡುಗುತ್ತಿರಲಿಲ್ಲ. ಎಷ್ಟು ಗಟ್ಟಿಗ ನೋಡು ಎನ್ನಿಸಿತು.

ಸಂಜೆ ಪೊಲೀಸಿನವನು ಫೋನು ಮಾಡಿದಾಗ ಎಲ್ಲ ಹೇಳಿದಳು. ಕೀ ತಡವಾಗಿ ಬಂದದ್ದು, ಬಣ್ಣ ಮೆತ್ತಿದ್ದು, ಜೊತೆಗೆ ಆ ಹಳೆಯ ಸ್ಕೂಟರಿನ ಕಥೆ. ಅದನ್ನು ಅವನು ಕೇಳಿರಲೇ ಇಲ್ಲ. ಬಾಯಿಂದ ಜಾರಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಜಾರಲಿಲ್ಲ, ಅವಳೇ ಹೇಳಿದ್ದು.

ಮರುದಿನ ತಮ್ಮನನ್ನು ಸ್ಟೇಷನ್ನಿಗೆ ಕರೆಸಿ ಬೆಳಗಿನಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಕೇಳಿದ್ದನ್ನೇ ತಿರುಗಿ ತಿರುಗಿ ಕೇಳಿ ಕಳಿಸಿದರು. ಆದರೆ ಮುಚ್ಚಿದ ಅಂಗಡಿಯನ್ನು ಬೀದಿಯೆಲ್ಲ ನೋಡಿತ್ತು. ಎರಡು ಮನೆಯವರು ರಿಪೇರಿಗೆ ಬಿಟ್ಟಿದ್ದ ಫ್ರಿಜ್ಜನ್ನು ಹಾಗೇ ಹೊತ್ತುಕೊಂಡು ಹೋದರಂತೆ.

ಅವಳು ಅಂಗಡಿಗೆ ಹೋದಾಗ ತಮ್ಮನ ಹೆಂಡತಿ ಕಸ ಗುಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋದಳು. ತಮ್ಮ ಒಂದು ಮೋಟಾರು ಬಿಚ್ಚುತ್ತಾ ಕೂತಿದ್ದ.

"ನಿಜ ಹೇಳ್ಬಿಡೋ" ಎಂದಳು ಅಕ್ಕ. "ಯಾರಿಗಾದ್ರೂ ಕೊಟ್ಟಿದ್ದೆಯಾ? ನನ್ನ ಹತ್ರ ಹೇಳು. ಕೇಸು ವಾಪಸ್ ತಗೋತೀನಿ."

ತಮ್ಮ ಸ್ಕ್ರೂಡ್ರೈವರು ಕೆಳಗಿಟ್ಟ. "ಅವತ್ತು ಸ್ಕೂಟರು ನಾನೇ ತಗೊಂಡಿದ್ದೆ ಅಕ್ಕ. ನಿನಗೂ ಗೊತ್ತಿತ್ತು. ಆದ್ರೂ ನನ್ನ ಪರ ನಿಂತೆ. ಇವತ್ತು ನಾನೇನೂ ಮಾಡಿಲ್ಲ."

"ನಾನು ಪೊಲೀಸರಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಸುಳ್ಳೇನೂ ಹೇಳಿಲ್ಲ."

"ಹೌದು" ಎಂದು ಮತ್ತೆ ಮೋಟಾರಿನತ್ತ ಬಗ್ಗಿದ. ಇಷ್ಟು ತಣ್ಣಗೆ ಉತ್ತರ ಕೊಡುವವನನ್ನು ನಂಬುವುದು ಹೇಗೆ ಎಂದು ದಾರಿಯುದ್ದಕ್ಕೂ ಕುದ್ದಳು.

ಅವಳ ಮನೆಯೆದುರಿನ ಔಷಧಿ ಅಂಗಡಿಯವನು ಆ ಭಾನುವಾರದಿಂದಲೇ ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗಿದ್ದ. ವಾಪಸು ಬಂದವನು ಸುದ್ದಿ ಕೇಳಿ, ಬಾಗಿಲ ಮೇಲಿನ ತನ್ನ ಕ್ಯಾಮೆರಾದ ವಿಡಿಯೋ ತಿರುಗಿಸಿ ನೋಡಿ, ಗಂಡ ಹೆಂಡತಿ ಇಬ್ಬರನ್ನೂ ಪೊಲೀಸಿನವನನ್ನೂ ಕರೆಸಿದ.

ವಿಡಿಯೋದಲ್ಲಿ ಇಬ್ಬರು ಅಪರಿಚಿತರಿದ್ದರು. ಒಬ್ಬ ಚೀಲವೊಂದನ್ನು ಎದೆಗೆ ಹಿಡಿದು ಅವಳ ಮನೆಯ ಮುಂಬಾಗಿಲಿಗೆ ಒರಗಿ ನಿಂತ. ಒಳಗೆ, ಅದೇ ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಕೈಚೀಲ ತೂಗುಹಾಕಿರುತ್ತಿತ್ತು. ಇನ್ನೊಬ್ಬ ಕಾರಿನ ಬಳಿ ಹೋದ. ಯಜಮಾನಿಯನ್ನು ಕಂಡಾಗ ಮಿನುಗುವ ಹಾಗೆಯೇ ಕಾರಿನ ದೀಪ ಮಿನುಗಿತು. ಅವನು ಬಾಗಿಲು ತೆಗೆದು ಕೂತ, ಚೀಲದವನೂ ಓಡಿ ಬಂದು ಹತ್ತಿದ, ಕಾರು ಹೊರಟುಹೋಯಿತು. ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಪೊಲೀಸಿನವನು ಗಲ್ಲ ತುರಿಸಿಕೊಂಡ. "ಆ ಚೀಲದಲ್ಲಿ ಒಂದು ಯಂತ್ರ ಇರತ್ತಂತೆ. ಕೀ ಒಳಗಿದ್ರೂ ಅದರ ಸಿಗ್ನಲ್ ಹಿಡಿದು ಕಾರಿಗೆ ದಾಟಿಸತ್ತೆ. ಕೀ ಹತ್ರಾನೇ ಇದೆ ಅಂತ ಕಾರು ಅಂದ್ಕೊಳತ್ತೆ. ಇದುವರೆಗೆ ನಾನೂ ನೋಡಿರ್ಲಿಲ್ಲ. ನಿಮ್ಮ ಕೀನೇ ಬಾಗಿಲು ತೆಗೆದಿರೋದು ಅಮ್ಮ."

ಬೀಗವನ್ನು ಇಷ್ಟು ಸಲ ಎಳೆದು ನೋಡಿದವಳು ತಮ್ಮನ ಮುಖವನ್ನು ಒಂದು ಸಲ ಸರಿಯಾಗಿ ನೋಡಬಾರದಿತ್ತೇ? ನನ್ನ ಬಾಯಿಗೆ ಮಣ್ಣು ಬೀಳ ಎಂದು ತನ್ನನ್ನೇ ಶಪಿಸಿಕೊಂಡು ತಮ್ಮನ ಅಂಗಡಿಗೆ ನಡೆದಳು.

ತಮ್ಮ ಅವಳನ್ನು ಕಂಡು ಸ್ಟೂಲು ಎಳೆದುಕೊಟ್ಟ. "ಕಾರು ಸಿಕ್ತಾ ಅಕ್ಕ?"

"ಇಲ್ಲ."

"ಹಾಗಾದ್ರೆ ನಾನಲ್ಲ ಅಂತ ಗೊತ್ತಾಗಿದೆ" ಎಂದ. "ಇಲ್ದಿದ್ರೆ ನೀನು ಮತ್ತೆ ಇಲ್ಲಿಗೆ ಬರ್ತಿರ್ಲಿಲ್ಲ."

ಅಳು ಒತ್ತರಿಸಿಕೊಂಡು ಬಂತು. ತಪ್ಪಾಯ್ತು ಕಣೋ, ಆ ಮಾರಾಟದವನ ಮಾತು ನಂಬಿ ಕೆಟ್ಟೆ ಎಂದು ಏನೇನೋ ಬಡಬಡಿಸಿದಳು. ತಮ್ಮ ನೀರು ತಂದುಕೊಟ್ಟು, ಕುಡಿಯುವವರೆಗೆ ಪಕ್ಕದಲ್ಲೇ ನಿಂತ. "ಅಳಬೇಡ. ನನಗೆ ನಿನ್ನ ಮೇಲೆ ಕೋಪ ಇಲ್ಲ" ಎಂದ. ನಿಜವಾಗಿಯೂ ಇರಲಿಲ್ಲ, ಅವಳು ಈ ಸಲ ಮುಖ ನೋಡಿದಳು.

ಆಮೇಲೆ ಅವನು ಸೊಂಟದ ಕೀ ಗೊಂಚಲು ಬಿಚ್ಚಿ, ಅದರ ಬಿಗಿಯಾದ ರಿಂಗನ್ನು ಉಗುರಿನಿಂದ ಅಗಲಿಸಿ, ಒಂದು ಕೀ ಕಳಚಿ ಅವಳ ಮುಂದೆ ಹಿಡಿದ. "ಇದು ನಿನ್ನ ಮನೆ ಬಾಗಿಲಿಂದು."

"ಇದ್ಯಾಕೋ? ನಿನ್ನ ಹತ್ರಾನೇ ಇರಲಿ. ನಾನು ಒಬ್ಬಳೇ ಇದ್ದಾಗ ಬಿದ್ದುಗಿದ್ದರೆ ಬಾಗಿಲು ತೆಗೆಯೋರು ಯಾರು?"

"ಬಾಗಿಲು ಒಡೀತೀನಿ" ಎಂದ ತಮ್ಮ. "ಆದ್ರೆ ಕೀ ಬೇಡ ಅಕ್ಕ. ನಾಳೆ ನಿನ್ನ ಮನೇಲಿ ಏನಾದ್ರೂ ಕಾಣೆಯಾದ್ರೆ ಪೊಲೀಸರು ಮೊದಲು ಅದನ್ನೇ ಕೇಳ್ತಾರೆ. ನೀನು ಆಗಲೂ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀಯ."

ಅವಳ ಅಂಗೈಯಲ್ಲಿ ಕೀ ಇಟ್ಟು, ಬೆರಳುಗಳನ್ನು ತಾನೇ ಮಡಚಿದ.