ಸಭೆಯನ್ನು ನಗಿಸಿದ ಮಾತು

ಗುಬ್ಬಿಯ ಜವಳಿ ಅಂಗಡಿ ಮಹಾಲಿಂಗಯ್ಯನವರ ಮಗ ಸದಾಶಿವ ತುಮಕೂರಿಗೆ ಬಿ.ಕಾಂ. ಓದಲು ಬಂದದ್ದು ಎಪ್ಪತ್ತೇಳರಲ್ಲಿ. ಡಿಗ್ರಿ ಮುಗಿಸಿ ಬಂದು ಅಂಗಡಿಯಲ್ಲಿ ಕೂರುತ್ತಾನೆಂಬುದು ಅಪ್ಪನ ಎಣಿಕೆ. ಮಗನಿಗೆ ಮಾತ್ರ ಕಾಲೇಜಿಗೆ ಕಾಲಿಟ್ಟ ದಿನದಿಂದಲೇ ಮೈಕಿನ ಹುಚ್ಚು ಹಿಡಿಯಿತು. ಯೂನಿಯನ್ ಡೇ ಇರಲಿ, ಯಾವುದೋ ಮೇಷ್ಟರ ಬೀಳ್ಕೊಡುಗೆ ಇರಲಿ, ಅವನು ಎದ್ದು ನಿಂತರೆ ಹುಡುಗರು ನಗುವುದಕ್ಕೆ ತಯಾರಾಗಿ ಕೂರುತ್ತಿದ್ದರು.

ಚಿಕ್ಕಪೇಟೆಯ ಮಹಡಿ ಕೋಣೆಯೊಂದರಲ್ಲಿ ಅವನ ಜೊತೆಗಿದ್ದವನು ಗಂಗಹನುಮಯ್ಯ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು, ಅದೇ ಕ್ಲಾಸಿನವನು. ಮಾತು ಕಡಿಮೆ, ತಲೆ ಚುರುಕು. ಪರೀಕ್ಷೆಗೆ ಮುಂಚೆ ಸದಾಶಿವನನ್ನು ಎಬ್ಬಿಸಿ ಕೂರಿಸಿ ಪಾಠ ಹೇಳಿಕೊಟ್ಟು ದಾಟಿಸುತ್ತಿದ್ದವನು ಅವನೇ.

ಎರಡನೆಯ ವರ್ಷ ಇಬ್ಬರೂ ಸೇರಿ ಒಂದು ಕೆಲಸ ಶುರುಮಾಡಿದರು. ವಾರಕ್ಕೆರಡು ದಿನ ಬೆಳಿಗ್ಗೆ ಮಂಡಿಗೆ ಹೋಗಿ ಕೊಬ್ಬರಿ, ಹುಣಸೆಹಣ್ಣು, ರಾಗಿಯ ಧಾರಣೆ ಕೇಳಿಕೊಂಡು ಬಂದು ಕಾಮರ್ಸ್ ವಿಭಾಗದ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬರೆಯುವುದು. ಧಾರಣೆ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಕೆಳಗೆ ನಾಲ್ಕು ಸಾಲು. ಆ ಯೋಚನೆ ಗಂಗಹನುಮಯ್ಯನದು. ಮಂಡಿಯವರನ್ನು ಮಾತಾಡಿಸಿ ಪಳಗಿಸಿದವನು ಸದಾಶಿವ. ಹಳ್ಳಿಗಳಿಂದ ಬರುತ್ತಿದ್ದ ಹುಡುಗರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಊರಿಗೆ ಒಯ್ಯತೊಡಗಿದಾಗ ಅಕೌಂಟೆನ್ಸಿ ಮೇಷ್ಟ್ರು ಅಪ್ಪಾಜಿಯವರು, ನನ್ನ ಪಾಠಕ್ಕಿಂತ ಇದೇ ಮೇಲು ಎಂದು ಎಲ್ಲರೆದುರಿಗೂ ಹೇಳಿದರು.

ಆ ವರ್ಷವೇ ಒಂದು ಸಂಜೆ, ಜ್ವರ ಬಂದು ಮಲಗಿದ್ದ ಗಂಗಹನುಮಯ್ಯ ತನ್ನ ಅಪ್ಪನ ವಿಷಯ ಹೇಳಿದ. ಕ್ಲಾಸಿನಲ್ಲಿ ಎಲ್ಲರೂ ಅವನ ಅಪ್ಪ ಬೇಸಾಯಗಾರನೆಂದೇ ತಿಳಿದಿದ್ದರು. ಅಪ್ಪ ಕಾಳಯ್ಯ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಲಾಯ ಗುಡಿಸಿ ಲದ್ದಿ ಎತ್ತುವ ಆಳು. ಕುದುರೆಯೊಂದು ಒದ್ದು ಮೊಣಕಾಲು ಮುರಿದಿದ್ದರೂ ಕುಂಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದ.

"ಯಾರ್ಗೂ ಹೇಳಿಲ್ಲ. ನಿಂಗೊಬ್ನಿಗೇ ಹೇಳ್ತಿರೋದು ಕಣೋ," ಎಂದ ಗಂಗಹನುಮಯ್ಯ.

ಸದಾಶಿವ ಅವನ ಹೊದಿಕೆ ಸರಿಮಾಡಿ, ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ಬೈದ. ಆಗ ಅವನು ಮನಸ್ಸಿನಿಂದಲೇ ಹಾಗೆ ಹೇಳಿದ್ದು.

ಕೊನೆಯ ವರ್ಷ ವಿದ್ಯಾರ್ಥಿ ಸಂಘದ ಚುನಾವಣೆ ಬಂತು. ಕಾರ್ಯದರ್ಶಿ ಸ್ಥಾನ ತನಗೇ ಎಂದು ಸದಾಶಿವ ಎರಡು ವರ್ಷದಿಂದ ಲೆಕ್ಕ ಹಾಕಿದ್ದ. ಆದರೆ ಹಳ್ಳಿಯ ಹುಡುಗರು ಗುಂಪುಗೂಡಿ ಹೋಗಿ ಗಂಗಹನುಮಯ್ಯನ ಕೈಯಲ್ಲಿ ನಾಮಪತ್ರ ಕೊಡಿಸಿಬಿಟ್ಟರು. ಅವನು ಆ ಸಂಜೆಯೇ ಕೋಣೆಗೆ ಬಂದು, ನೀನು ಬೇಡ ಅಂದರೆ ನಾಳೆಯೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಸದಾಶಿವ ನಕ್ಕು, ನಿಲ್ಲು, ಗೆಲ್ಲುವವರು ಗೆಲ್ಲಲಿ ಎಂದ. ಒಳಗೆ ಮಾತ್ರ ಕುದಿಯುತ್ತಿದ್ದ. ಹಳ್ಳಿಯ ಹುಡುಗರು ಗಂಗಹನುಮಯ್ಯನದೆಂದೇ ತಿಳಿದಿದ್ದ ಆ ಧಾರಣೆಯ ಹಲಗೆಯೇ ತನ್ನನ್ನು ಸೋಲಿಸುತ್ತದೆಂದು ಅವನಿಗೆ ಗೊತ್ತಾಗಿತ್ತು.

ಭಾಷಣದ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಮೊದಲ ಸರದಿ ಸದಾಶಿವನದು. ಎರಡು ಮೂರು ತಮಾಷೆ ಹೇಳಿದ. ಅಂದುಕೊಂಡಷ್ಟು ನಗು ಏಳಲಿಲ್ಲ. ಹಿಂದಿನ ಬೆಂಚುಗಳು ಗಂಗಹನುಮಯ್ಯನಿಗಾಗಿ ಕಾಯುತ್ತಿರುವುದು ಕಾಣಿಸಿತು. ಆಗ ಅವನ ಬಾಯಿಂದ ಆ ಮಾತು ಬಂತು.

"ನಮ್ ಫ್ರೆಂಡಿಗೆ ಎಲ್ಲಾದ್ರ ಧಾರಣೇನೂ ಗೊತ್ತು. ಕುದುರೆ ಲದ್ದಿದೊಂದು ಮಾತ್ರ ಯಾಕೋ ಬರೆಯಲ್ಲ. ಅದನ್ನ ಅವರಪ್ಪನ್ನೇ ಕೇಳ್ಬೇಕು, ದಿನಾ ಎತ್ತೋರು ಅವರೇ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಇಡೀ ಸಭೆ ನಕ್ಕಿತು. ಯಾರೋ ಕುದುರೆಯಂತೆ ಕೆನೆದರು. ಗಂಗಹನುಮಯ್ಯ ತನ್ನ ಸರದಿಗೆ ಎದ್ದು ಬಂದಾಗ ಹತ್ತಾರು ಕಡೆಯಿಂದ ಅದೇ ಸದ್ದು. ಸದ್ದು ಅಡಗುವ ತನಕ ಅವನು ಕಾದ.

"ನಮ್ಮಪ್ಪ ಕುದುರೆ ನೋಡ್ಕೊಳ್ಳೋದು ನಿಜ," ಎಂದ. ಬರೆದು ತಂದಿದ್ದ ಭಾಷಣ ಓದಲಿಲ್ಲ. ಕೈಲಿದ್ದ ಹಾಳೆಯನ್ನು ಮಡಿಸಿಕೊಂಡು ಇಳಿದುಹೋದ.

ಸದಾಶಿವ ಗೆದ್ದ. ಹಾರ ಹಾಕಿಸಿಕೊಂಡು ಕೋಣೆಗೆ ಬಂದಾಗ ಗಂಗಹನುಮಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ತಮಾಷೆಗೆ ಅಂದೆ, ಬಾಯಿ ತಪ್ಪಿ ಬಂತು ಎಂದೆಲ್ಲ ಸದಾಶಿವ ಹೇಳಿದ. ಅವನು ತಿರುಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಲೇಜಿನ ವರಾಂಡದಲ್ಲಿ ಕೆನೆಯುವುದು ಎರಡು ವಾರವಾದರೂ ನಿಲ್ಲಲಿಲ್ಲ. ಕಾರ್ಯದರ್ಶಿಯಾಗಿ ಸದಾಶಿವ ಒಬ್ಬೊಬ್ಬರನ್ನೇ ಹಿಡಿದು ಬೇಡಿಕೊಂಡ. ನೀನೇ ಕಲಿಸಿದ್ದಲ್ಲವಾ ಎಂದು ಅವರು ನಕ್ಕರು. ಒಂದು ಭಾನುವಾರ ಅವನು ಗುಬ್ಬಿಗೆ ಹೋಗಿ ಬರುವಷ್ಟರಲ್ಲಿ ಗಂಗಹನುಮಯ್ಯನ ಟ್ರಂಕು, ಚಾಪೆ ಎರಡೂ ಇರಲಿಲ್ಲ.

ತಿಂಗಳು ಕಾದ. ಪರೀಕ್ಷೆಗೆ ಫೀಸು ಕಟ್ಟುವ ದಿನವೂ ಮುಗಿಯಿತು. ಕೊನೆಗೆ ಸದಾಶಿವ ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಕೊತ್ತಗೆರೆಗೆ ಹೋದ. ಕೆಲಸ ಮುಗಿಸಿ ಬಂದಿದ್ದ ಕಾಳಯ್ಯ ಹಟ್ಟಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. ಹೆಸರು ಹೇಳುತ್ತಲೇ ಅವನ ಮುಖ ಅರಳಿತು. ಕಷ್ಟಪಟ್ಟು ಎದ್ದು ಚಾಪೆ ಹಾಸಿದ. ಹೆಂಡತಿ ಓಬಳಮ್ಮನನ್ನು ಕೂಗಿ, ನಮ್ಮ ಹನುಮ ಯಾವಾಗಲೂ ಹೇಳುತ್ತಿದ್ದ ಸದಾಶಿವಪ್ಪ ಇವರೇ ಎಂದ.

ಮಗ ಊರಲ್ಲಿರಲಿಲ್ಲ. ಭದ್ರಾವತಿಯ ಕಡೆ ಯಾವುದೋ ಕಂಟ್ರಾಕ್ಟರ ಹತ್ತಿರ ಕೂಲಿಗಳ ಹಾಜರಿ ಬರೆಯಲು ಸೇರಿದ್ದಾನೆಂದು ತಿಳಿಯಿತು.

"ಓದು ತಲೆಗ್ ಹತ್ತನಿಲ್ಲ ಕಣಪ್ಪ, ಬುಟ್ಬುಟ್ಟೆ ಅಂದ," ಎಂದ ಕಾಳಯ್ಯ. "ನೀವು ಜೊತೇಲಿದ್ದೋರು. ನಿಜ ಹೇಳಿ ಸ್ವಾಮಿ, ನನ್ ಮಗ ಅಷ್ಟು ದಡ್ಡನಾ?"

ಸದಾಶಿವ ಬಂದ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದ. ಅವೆಲ್ಲ ಮಗನಿಗೆ ಹೇಳಬೇಕಾದವು. ಈ ಮನುಷ್ಯನಿಗೆ ಹೇಳಲು ಏನೂ ತಂದಿರಲಿಲ್ಲ.

"ಕ್ಲಾಸಿಗೇ ಫಸ್ಟು ಅವನು," ಎಂದ. "ನನ್ನಿಂದ ಬಿಟ್ಟಿದ್ದು."

ನಡೆದದ್ದನ್ನೆಲ್ಲ ಹೇಳಿದ. ತಾನು ಆಡಿದ ಮಾತನ್ನೂ ಇದ್ದಂತೆಯೇ ಹೇಳಿದ. ಕಾಳಯ್ಯ ತನ್ನ ಅಂಗೈಗಳನ್ನೇ ನೋಡುತ್ತ ಕೇಳಿಸಿಕೊಂಡ. ಆಮೇಲೆ, "ನನ್ ಕೆಲ್ಸ ಯಾವ್ದು ಅಂತ ಮುಚ್ಚಿಟ್ಟಿದ್ನಾ ಅವ್ನು?" ಎಂದು ಕೇಳಿದ. ಆ ಮುಖ ಕಂಡಾಗ, ತಾನು ಎರಡನೆಯ ಸಲವೂ ಅದೇ ಮನೆಗೆ ಪೆಟ್ಟು ಕೊಟ್ಟೆನೆಂದು ಸದಾಶಿವನಿಗೆ ಅರಿವಾಯಿತು. ಓಬಳಮ್ಮ ಮುದ್ದೆ ಬಡಿಸಿ ತಂದಿಟ್ಟಳು. ಕಾಳಯ್ಯ ಉಣ್ಣಿ ಎಂದಷ್ಟೇ ಹೇಳಿ ಒಳಗೆ ಹೋದ, ಮತ್ತೆ ಹೊರಗೆ ಬರಲಿಲ್ಲ.

ಸದಾಶಿವ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ ಗುಬ್ಬಿಯ ಅಂಗಡಿಯಲ್ಲಿ ಕೂತ. ವಿಳಾಸ ಹುಡುಕಿ ಭದ್ರಾವತಿಗೆ ಮೂರು ಕಾಗದ ಬರೆದ, ಉತ್ತರ ಬರಲಿಲ್ಲ. ಊರಿನವರು ಸಭೆ ಸಮಾರಂಭಗಳಿಗೆ ಮಾತಾಡಲು ಕರೆದರೆ ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಳ್ಳುತ್ತಿದ್ದ.

ಎಂಬತ್ತಾರರಲ್ಲಿ ನೆಂಟರ ಮದುವೆಗೆ ಹೋಗಿದ್ದವನಿಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಗಂಗಹನುಮಯ್ಯ ಸಿಕ್ಕಿದ. ತಲೆ ಬೋಳಿಸಿಕೊಂಡಿದ್ದ, ಪಕ್ಕದಲ್ಲಿ ಹೆಂಡತಿ. ಅಪ್ಪ ತೀರಿಕೊಂಡು ಹದಿಮೂರು ದಿನವಾಯಿತು ಎಂದ. ಸದಾಶಿವ ಅವನ ಕೈ ಹಿಡಿದುಕೊಂಡ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತು ಬಾಯಿಗೆ ಬರುವ ಮೊದಲೇ ಗಂಗಹನುಮಯ್ಯ ಮೆಲ್ಲಗೆ ಕೈ ಬಿಡಿಸಿಕೊಂಡ.

"ನೀವು ಊರಿಗೆ ಬಂದು ಹೋದ್ಮೇಲೆ ಅಪ್ಪ ನನ್ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ," ಎಂದ. ಸಿಟ್ಟಿರಲಿಲ್ಲ. ಪರಿಚಯವಿಲ್ಲದವರಿಗೆ ದಾರಿ ಹೇಳುವಂತಿತ್ತು ದನಿ. "ಬಸ್ ಬಂತು. ಬರ್ತೀನಿ ಸದಾಶಿವಯ್ಯನೋರೆ."

ಹೆಂಡತಿಯನ್ನು ಮುಂದೆ ಹತ್ತಿಸಿ ತಾನೂ ಹತ್ತಿದ. ಕಿಟಕಿಯ ಪಕ್ಕ ಕೂತರೂ ಹೊರಗೆ ನೋಡಲಿಲ್ಲ. ಬಸ್ಸು ಕೆರೆ ಏರಿಯ ಕಡೆ ತಿರುಗುವ ತನಕ ಸದಾಶಿವ ಅಲ್ಲೇ ನಿಂತಿದ್ದ.