ಬಾಲ ಬೀಳುವ ಮಿಡತೆ

ವಿಮಾನಕ್ಕೆ ಮಿಡತೆ ಅಂತ ಹೆಸರಿಟ್ಟವಳು ಇಂದ್ರಾಣಿ. ಹೆಸರಿಟ್ಟ ತಪ್ಪಿಗೋ ಏನೋ, ಅದು ಹಾರುವುದನ್ನು ಬಿಟ್ಟು ಎಗರುವುದನ್ನೇ ಕಲಿತುಬಿಟ್ಟಿತ್ತು. ನೆಲ ಬಿಟ್ಟ ಕೂಡಲೇ ಮೂತಿ ಮೇಲಕ್ಕೆತ್ತಿ, ಬಾಲ ಕೆಳಗೆ ಹಾಕಿ, ಒಂದು ಗಳಿಗೆ ಆಕಾಶದಲ್ಲಿ ಯೋಚನೆ ಮಾಡಿದಂತೆ ನಿಂತು, ದೊಪ್ಪೆಂದು ಬೀಳುತ್ತಿತ್ತು.

ಬಿಂದುಶ್ರೀಗೆ ಇದು ಬಿಸಿ ತುಪ್ಪವಾಗಿತ್ತು. ಬಂಗಾರಪೇಟೆಯಿಂದ ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಪಾಲಿಟೆಕ್ನಿಕ್‌ಗೆ ಬರುವ ಹುಡುಗಿ ಅವಳು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಎಲ್ಲರೂ ನೀರಿನ ಪಂಪು, ರಸ್ತೆ ದೀಪ ಅಂತ ಬರೆದುಕೊಟ್ಟಾಗ, ವಿಮಾನ ಮಾಡುತ್ತೇವೆ ಅಂತ ಎದ್ದು ನಿಂತವಳೂ ಅವಳೇ. ನಕ್ಷೆ, ರೆಕ್ಕೆ, ಲೆಕ್ಕ ಬಿಂದುವಿನದು. ಕತ್ತರಿಸುವುದು, ಅಂಟಿಸುವುದು, ರಿಮೋಟ್ ಹಿಡಿದು ಹಾರಿಸುವುದು ಇಂದ್ರಾಣಿಯ ಪಾಲು. ಮಾರಿಕುಪ್ಪಂನ ಆಟೋ ಸೆಲ್ವರಾಜ್ ಅವರ ಮಗಳು ಇಂದ್ರಾಣಿಯ ಕೈ ಎಂದೂ ನಡುಗುತ್ತಿರಲಿಲ್ಲ.

ವಿಚಿತ್ರ ಏನೆಂದರೆ, ಮೊದಲ ಸಲ ಮಿಡತೆ ಚೆನ್ನಾಗಿಯೇ ಹಾರಿತ್ತು! ಹಳೆಯ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಎರಡು ಸುತ್ತು ಹೊಡೆದು, ಒಳ್ಳೆ ಮನೆಯ ಮಗುವಿನ ಹಾಗೆ ಬಂದು ಇಳಿದಿತ್ತು. ಮುಂದಿನ ವಾರ ಸ್ವಲ್ಪ ತೂಗಾಡಿತು. ಅದರ ಮುಂದಿನ ವಾರ ಬಿತ್ತು. ಆಮೇಲೆ ಬೀಳುವುದೇ ಕಸುಬಾಯಿತು. ಮೋಟಾರು ಬಿಚ್ಚಿ ನೋಡಿದರು, ಬ್ಯಾಟರಿ ಬದಲಾಯಿಸಿದರು, ಬಾಲದ ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಿದರು. ಏನೂ ಸೇರಿಸಿರಲಿಲ್ಲ, ಏನೂ ತೆಗೆದಿರಲಿಲ್ಲ. ಹಾಗಾದರೆ ಬದಲಾಗಿದ್ದು ಏನು? ಈ ಪ್ರಶ್ನೆ ಬಿಂದುವಿನ ತಲೆಯೊಳಗೆ ಸೊಳ್ಳೆಯ ಹಾಗೆ ಗುಯ್ಗುಡುತ್ತಿತ್ತು.

"ಪರೀಕ್ಷೆ ದಿನ ಹಾರಿದ್ರೆ ಸರಿ," ಎಂದಿದ್ದರು ಗೈಡ್ ಅಶ್ವತ್ಥಪ್ಪ ಮೇಷ್ಟ್ರು. "ಇಲ್ದಿದ್ರೆ ಮೇಜಿನ ಮೇಲಿಟ್ಟು ತೋರ್ಸಿ. ನೋಡೋಕೆ ಲಕ್ಷಣವಾಗಿದೆ."

ಲಕ್ಷಣವಾಗಿದೆಯಂತೆ! ಷೋಕೇಸಿನ ಗೊಂಬೆ ಮಾಡುವುದಕ್ಕಾ ಅವಳು ಇಷ್ಟು ದಿನ ಬೆರಳಿಗೆ ಫೆವಿಕ್ವಿಕ್ ಅಂಟಿಸಿಕೊಂಡು ಕೂತದ್ದು? ಬಿಂದುವಿಗೆ ಆ ಮಾತು ಚುರುಕ್ಕೆಂದಿತು.

ಇಂದ್ರಾಣಿಗೆ ಮಾತ್ರ ಕಾರಣ ಗೊತ್ತಿತ್ತು. "ದೃಷ್ಟಿ ಕಣೇ. ಕಾಲೇಜೆಲ್ಲ ಕಣ್ಣು ಬಿಟ್ಟು ನೋಡ್ತೈತೆ."

ದೃಷ್ಟಿ ತಾಗದಿರಲಿ ಅಂತ ಅವಳು ಹೋದ ಅಮಾವಾಸ್ಯೆಯಂದೇ, ಅಪ್ಪನ ಆಟೋಗೆ ಪೂಜೆಯಾದ ಕೂಡಲೇ ಮಿಡತೆಗೂ ಕುಂಕುಮವಿಟ್ಟು, ಪ್ರೊಪೆಲ್ಲರ್‌ಗೆ ಸಿಗದಂತೆ ಮೂತಿಯ ಕೆಳಗೆ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ ಬಿಗಿದಿದ್ದಳು. ಬಿಂದು ನಕ್ಕಿದ್ದಳು. "ರೈಟ್ ಸಹೋದರರು ಮೆಣಸಿನಕಾಯಿ ಮರೆತಿದ್ರಾ?" ಅಂತ ಕೇಳಿದ್ದಳು. ತೆಗಿ ಅಂದರೆ, ಪೂಜೆಗೆ ಕಟ್ಟಿದ್ದನ್ನು ಮುಂದಿನ ಅಮಾವಾಸ್ಯೆವರೆಗೆ ಬಿಚ್ಚಬಾರದು ಅಂತ ಇಂದ್ರಾಣಿ ಅಡ್ಡ ನಿಂತಳು. ಗೆಳತಿಯ ಮುಖ ನೋಡಿ ಬಿಂದು ಸುಮ್ಮನಾದಳು. ಆದರೆ ಬಿದ್ದಾಗಲೆಲ್ಲ, "ನಿನ್ನ ನಿಂಬೇಹಣ್ಣು ನಿದ್ದೆ ಮಾಡ್ತಿತ್ತಾ?" ಅಂತ ಕೇಳುವುದನ್ನು ಬಿಡಲಿಲ್ಲ. ಇಂದ್ರಾಣಿ ಮುರಿದ ರೆಕ್ಕೆಯನ್ನು ಆರಿಸಿಕೊಳ್ಳುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದ ಬಿಂದು ಬೇಜಾರು ಕಳೆಯಲು ಪಾನಿಪುರಿ ಗಾಡಿಯ ಮುಂದೆ ನಿಂತಳು. ಗಾಡಿಯವನು ಬುಟ್ಟಿಗೆ ಕೈಹಾಕಿ ಒಂದು ನಿಂಬೆಹಣ್ಣು ತೆಗೆದು, ಅಂಗೈಯಲ್ಲಿ ಒಮ್ಮೆ ಎಗರಿಸಿ, ಮೂತಿ ಸಿಂಡರಿಸಿ ಪಕ್ಕಕ್ಕೆಸೆದ.

"ಯಾಕಣ್ಣ, ಚೆನ್ನಾಗೈತಲ್ಲ?"

"ಒಣಗೋಗೈತಮ್ಮ. ಬೆಂಡು."

ಬಾಯಿಗೆ ಹೋಗುತ್ತಿದ್ದ ಪೂರಿ ಅಲ್ಲೇ ನಿಂತಿತು. ಬಿಂದು ಎಸೆದ ಹಣ್ಣನ್ನು ಹೆಕ್ಕಿ ಒಂದು ಕೈಯಲ್ಲಿಟ್ಟುಕೊಂಡಳು, ಬುಟ್ಟಿಯಿಂದ ರಸತುಂಬಿದ್ದೊಂದನ್ನು ಇನ್ನೊಂದು ಕೈಯಲ್ಲಿ. ಕಣ್ಣು ಮುಚ್ಚಿ ತೂಗಿದಳು. ಒಂದು ಕೈ ಇಳಿಯಿತು, ಒಂದು ಕೈ ಏನೂ ಇಲ್ಲವೆಂಬಂತೆ ಇತ್ತು. ಗಾಡಿಯವನು ಈ ಹುಡುಗಿಗೆ ಏನೋ ಆಗಿದೆ ಅಂದುಕೊಂಡ.

ಈಗ ಎಲ್ಲ ನೆನಪಾಯಿತು. ಮೊದಲ ಹಾರಾಟಕ್ಕೆ ಮುಂಚೆ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ವಿಮಾನವನ್ನು ಎತ್ತಿ, ಮೂತಿ ಬಾಲ ಸಮತೂಕವಾಗಿದೆಯೇ ಅಂತ ಅವಳು ನೋಡಿದ್ದು ಪೂಜೆಯಾದ ಮೇಲೆ. ನಿಂಬೆಹಣ್ಣು ಕಟ್ಟಿದ ಮೇಲೆ! ಹಣ್ಣು ದಿನದಿನಕ್ಕೂ ಒಣಗಿದೆ, ಮೂತಿ ಹಗುರಾಗಿದೆ, ಬಾಲ ಬಿದ್ದಿದೆ. ತಾನು ಗೇಲಿ ಮಾಡಿದ ಹಣ್ಣೇ ವಿಮಾನವನ್ನು ಹಾರಿಸಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಇದನ್ನು ಇಂದ್ರಾಣಿಗೆ ಹೇಳಬೇಕಲ್ಲ ಅನ್ನಿಸಿದಾಗ ಆ ಖುಷಿ ಅರ್ಧಕ್ಕೆ ಇಳಿಯಿತು.

ಬೆಳಗ್ಗೆ ಮೊದಲ ರೈಲಿಗೇ ಹೋದಳು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಎರಡು ಬೆರಳ ಮೇಲೆ ಎತ್ತಿದರೆ ಬಾಲ ದಡಕ್ಕನೆ ಕೆಳಗೆ ಹೋಯಿತು. ಮೂತಿಯೊಳಗೆ ಕಬ್ಬಿಣದ ನಟ್ಟುಗಳನ್ನು ಒಂದೊಂದಾಗಿ ಅಂಟಿಸುತ್ತ ಹೋದಳು. ಮಿಡತೆ ಸಮನಾಗಿ ನಿಂತಿತು. ನಿಂಬೆಹಣ್ಣಿನ ವಿಷಯ ಯಾರಿಗೂ ಹೇಳಬೇಕಾಗಿಲ್ಲ ಅಂತ ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆದರೆ ಅವತ್ತು ಅಮಾವಾಸ್ಯೆ. ಬಯಲಿಗೆ ಬಂದ ಇಂದ್ರಾಣಿಯ ಕೈಯಲ್ಲಿ ಚೀಲ, ಚೀಲದಲ್ಲಿ ದಪ್ಪನೆಯ ನಿಂಬೆಹಣ್ಣು. ಒಣಗಿದ್ದನ್ನು ಬಿಚ್ಚಿ ಹೊಸದನ್ನು ಕಟ್ಟತೊಡಗಿದಳು. ಬಿಂದುವಿನ ಗಂಟಲಿಗೆ ಮಾತು ಬಂತು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ಯಾಕೆ ಅಂತ ಹೇಳಿದರೆ ಇಷ್ಟು ದಿನದ ಗೇಲಿಯನ್ನೆಲ್ಲ ನುಂಗಬೇಕು. ಸ್ವಲ್ಪ ಮೂತಿ ಭಾರವಾದರೆ ಎಳೆದುಕೊಂಡು ಏಳುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿ ಮುಚ್ಚಿಕೊಂಡಳು.

ಪರೀಕ್ಷಕರು ಬರುವ ಮೊದಲು ಒಂದು ಸಲ ಓಡಿಸಿ ನೋಡಿದರು. "ಮೂತಿ ಏಳ್ತಿಲ್ಲ ಡೀ!" ಅಂತ ಇಂದ್ರಾಣಿ ಕೂಗುವಷ್ಟರಲ್ಲಿ ಮಿಡತೆ ಬೂದುಬಣ್ಣದ ಮಣ್ಣಿಗೆ ಮೂತಿ ತೂರಿಸಿತು. ಪ್ರೊಪೆಲ್ಲರ್ ಎರಡು ತುಂಡು. ಬದಲಿಗೆ ತಂದದ್ದು ಇನ್ನು ಒಂದೇ ಉಳಿದಿತ್ತು.

ಇಂದ್ರಾಣಿ ರಿಮೋಟನ್ನು ನೆಲಕ್ಕಿಟ್ಟು ಕೂತುಬಿಟ್ಟಳು. "ನನ್ ಕೈಯೇ ಸರಿ ಇಲ್ಲ ಕಣೇ. ಇಷ್ಟು ದಿನಾನೂ ನಾನೇ ಬೀಳಿಸ್ತಿದ್ದೆ ಅನ್ಸುತ್ತೆ. ನೀನು ಬೇರೆ ಯಾರ್ನಾದ್ರೂ ಕರ್ಕೋಬೇಕಿತ್ತು."

ಇದನ್ನು ಬಿಂದುವಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು: ಪಾನಿಪುರಿ, ಬೆಂಡು ನಿಂಬೆಹಣ್ಣು, ನಟ್ಟುಗಳು, ಮುಚ್ಚಿಕೊಂಡ ಬಾಯಿ. "ನಿನ್ ಕೈಯಲ್ಲ ಕಣೇ, ನನ್ ಜಂಬ. ಹಾರಿಸಿದ್ದು ನಿನ್ ನಿಂಬೇಹಣ್ಣು."

ಇಂದ್ರಾಣಿ ಅವಳನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಅಂದುಕೊಂಡರೆ, "ಒಣಗಿದ್ರೆ ಅಷ್ಟೊಂದು ತೂಕ ಓಗುತ್ತಾ?" ಅಂತ ಬಿಚ್ಚಿಟ್ಟ ಹಳೆಯ ಹಣ್ಣನ್ನು ಎತ್ತಿ ಅಲುಗಿಸಿ ನೋಡಿದಳು. ಆಮೇಲೆ ಹೊಸ ಹಣ್ಣಿನ ದಾರಕ್ಕೆ ಕೈಹಾಕಿದಳು. "ಇದನ್ನ ತೆಗ್ದುಬಿಡ್ತೀನಿ. ಪರೀಕ್ಷೆಗೆ ಬಂದವ್ರು ನಗ್ತಾರೆ."

"ನಗ್ಲಿ," ಎಂದಳು ಬಿಂದು. ಸ್ಕ್ರೂಡ್ರೈವರ್ ತೆಗೆದುಕೊಂಡು ಉಳಿದ ಪ್ರೊಪೆಲ್ಲರ್ ಹಾಕಿ, ನಟ್ಟುಗಳನ್ನು ಒಂದೊಂದಾಗಿ ಕಿತ್ತಳು. ಎರಡು ಬೆರಳ ಮೇಲೆ ಮಿಡತೆ ಅಲುಗದೆ ನಿಂತಿತು.

ಪರೀಕ್ಷಕಿ ಶ್ಯಾಮಲ ಮೇಡಂ ಬಂದವರೇ ಮೊದಲು ನೋಡಿದ್ದು ಮೂತಿಯನ್ನು. "ಇದೇನ್ರಮ್ಮ, ಇಂಜಿನಿಯರಿಂಗ್ ಪ್ರಾಜೆಕ್ಟಾ, ಲಾರಿಯಾ?" ಅಶ್ವತ್ಥಪ್ಪ ಮೇಷ್ಟ್ರು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಇಂದ್ರಾಣಿ ತಲೆ ತಗ್ಗಿಸಿದಳು.

"ಸಮತೂಕಕ್ಕೆ ಮೇಡಂ," ಎಂದಳು ಬಿಂದು. "ಕಟ್ಟಿದ್ದು ಇಂದ್ರಾಣಿ. ಇದು ಒಣಗುತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ದೆ ಎರಡು ವಾರ ವಿಮಾನ ಬೀಳಿಸಿದ್ದು ನಾನು."

ಮೇಡಂ ನಗಲಿಲ್ಲ. ವಿಮಾನವನ್ನು ತಾವೇ ಎರಡು ಬೆರಳ ಮೇಲೆ ಎತ್ತಿ ನೋಡಿ, "ಹಾರಿಸಿ," ಎಂದರು.

ಮಿಡತೆ ಓಡಿತು, ಎದ್ದಿತು. ಈ ಸಲ ಯೋಚನೆ ಮಾಡುತ್ತ ನಿಲ್ಲಲಿಲ್ಲ. ದಿಬ್ಬದ ಕಡೆ ಹೋಗಿ, ಗಾಳಿಯಲ್ಲಿ ಒಮ್ಮೆ ವಾಲಿ, ತಿರುಗಿ ಬಂತು. ಬಿಂದು ಉಸಿರು ಬಿಟ್ಟದ್ದು ಅದು ಇಳಿದ ಮೇಲೆಯೇ.

"ಸರಿ, ಇದು ಒಣಗಿದ ಮೇಲೆ?" ಮೇಡಂ ಕೇಳಿದರು.

ಬಿಂದು ನಟ್ಟುಗಳಿಗಾಗಿ ಜೇಬು ತಡಕುತ್ತಿದ್ದಳು. ಇಂದ್ರಾಣಿ ಅವಳಿಗಿಂತ ಮೊದಲು ಬಾಯಿ ಬಿಟ್ಟಳು.

"ದಿನಾ ತೂಗಿ ನೋಡ್ತೀವಿ ಮೇಡಂ. ಎಷ್ಟು ಒಣಗುತ್ತೋ ಅಷ್ಟು ನಟ್ಟು ಹಾಕ್ತಾ ಓಗ್ತಾಳೆ ಇವ್ಳು. ಅಮಾವಾಸ್ಯೆಗೆ ಎಲ್ಲಾ ಕಿತ್ತು ಹೊಸ ಹಣ್ಣು ಕಟ್ತೀನಿ ನಾನು."