ದಾರ ಕಟ್ಟಿದ ದೀಪ

೧. ಎಲ್ಲಿಂದ ಆರಂಭಿಸುವುದು? ‘ಹಲಸೂರು ಕೆರೆಯ ಮೇಲೆ ಸಂಜೆ ಇಳಿಯುತ್ತಿತ್ತು’ ಎಂದು ಬರೆದು ಹೊಡೆದುಹಾಕಿದ್ದೇನೆ. ಸಂಜೆ ಎಲ್ಲ ಕೆರೆಗಳ ಮೇಲೂ ಇಳಿಯುತ್ತದೆ. ಅದಕ್ಕೆ ಲೇಖಕನ ನೆರವು ಬೇಕಿಲ್ಲ.

೨. ಆದ್ದರಿಂದ ದತ್ತಾಂಶ ಮಾತ್ರ. ಜೀವನ್ ಬಿಮಾ ನಗರದ ನಿವಾಸಿಗಳ ಸಂಘವೊಂದು, ತೀರಿಕೊಂಡವರ ನೆನಪಿಗೆ ಕೆರೆಯಲ್ಲಿ ಕಾಗದದ ದೀಪ ತೇಲಿಬಿಡುವ ಕಾರ್ಯಕ್ರಮ ಇಟ್ಟುಕೊಂಡಿತು. (ಇಂಥ ಪದ್ಧತಿ ನಮ್ಮಲ್ಲಿತ್ತೇ ಎಂದು ಕೇಳಬೇಡಿ. ವಾಟ್ಸ್ಯಾಪಿನಲ್ಲಿತ್ತು.) ಕೆರೆ ಕೊಳೆಯಾಗಬಾರದೆಂದು ಪ್ರತಿ ದೀಪಕ್ಕೂ ನೈಲಾನ್ ದಾರ ಕಟ್ಟಿದ್ದರು. ಆತ್ಮವನ್ನು ಬೀಳ್ಕೊಡುವುದು, ಫೋಟೊ ತೆಗೆಸಿಕೊಳ್ಳುವುದು, ಎಳೆದು ದಡಕ್ಕೆ ತರುವುದು. ಮರುಬಳಕೆಯ ಮೋಕ್ಷ.

೩. ಕೊಪ್ಪಳದ ಕಡೆಯ ಶರಣಮ್ಮ, ಮಣ್ಣಿನಲ್ಲಿಟ್ಟವರನ್ನು ನೀರಿನಲ್ಲಿ ಹುಡುಕುವುದೇ ಎಂದು ಗೊಣಗುತ್ತಲೇ ಪತಿ ವೀರಣ್ಣನವರ ದೀಪ ಬಿಟ್ಟರು. ದಾರ ಮಗಳು ಪ್ರತಿಭಾಳ ಕೈಯಲ್ಲಿತ್ತು. ವೀರಣ್ಣನವರು ಕೊನೆಗೆ ಆಸ್ಪತ್ರೆಯ ಯಂತ್ರದಿಂದ ಉಸಿರಾಡುತ್ತಿದ್ದರು. ಸಾಕು ಎಂದರು ತಾಯಿ; ಇನ್ನೊಂದು ವಾರ ನೋಡೋಣ ಎಂದಳು ಮಗಳು. ವಾರದ ಮೇಲೆ ವಾರ ನೋಡಿದರು. ಆಮೇಲೆ ಇಬ್ಬರ ನಡುವೆ ಉಳಿದದ್ದು ‘ಊಟಕ್ಕೆ ಬಾ’ ಎಂಬಷ್ಟೇ ಮಾತು.

ಸಂಘದ ಕಾರ್ಯದರ್ಶಿ ಪ್ರಭುಲಿಂಗ ಮೈಕಿನಲ್ಲಿ, ಎಲ್ಲರೂ ದಾರ ಎಳೆಯಬೇಕೆಂದು ವಿನಂತಿಸಿದರು. ಪ್ರತಿಭಾ ಎಳೆಯತೊಡಗಿದಳು.

“ಎಳೀಬ್ಯಾಡ,” ಎಂದರು ಶರಣಮ್ಮ.

“ಅವ್ವಾ, ರೂಲ್ಸ್ ಐತಿ.”

“ಅಲ್ಲೂ ಹಿಂಗ ಹಿಡಕೊಂಡು ಕುಂತಿದ್ದಿ. ಈಗರ ಬಿಡು.”

೪. ಇಲ್ಲಿ ಮಗಳು ಅತ್ತು ದಾರ ಬಿಡಬೇಕು. ಓದುಗರ ಕರವಸ್ತ್ರ ಸಿದ್ಧವಾಗಿದೆ. ಹಾಗೆಯೇ ಬರೆದೆ. ಪ್ರತಿಭಾ ಒಪ್ಪಲಿಲ್ಲ. ತಾನು ಹಿಡಿದದ್ದು ತಪ್ಪೆಂದು ಯಾವ ಸೂತ್ರದಿಂದ ಸಾಧಿಸಿದಿರಿ ಎಂದು ನನ್ನನ್ನೇ ಕೇಳಿದಳು. ಸೂತ್ರವಿರಲಿಲ್ಲ. ಹೊಡೆದುಹಾಕಿದೆ.

೪ (ತಿದ್ದುಪಡಿ). ತಾಯಿಯೇ ದಾರವನ್ನು ಕಚ್ಚಿ ತುಂಡರಿಸುತ್ತಾರೆ. (ವೀರಗಾಥೆ, ಬಹುಮಾನಕ್ಕೆ ಯೋಗ್ಯ.) ಶರಣಮ್ಮ ತಕರಾರು ತೆಗೆದರು: “ನೈಲಾನ್ ಐತ್ರೀ. ನನಗ ಹಲ್ಲ ಎಲ್ಲಿ ಅದಾವ?”

೫. ಉಳಿದ ದೀಪಗಳೆಲ್ಲ ದಡ ಸೇರಿ ರಟ್ಟಿನ ಪೆಟ್ಟಿಗೆ ಹೊಕ್ಕವು. ಪ್ರತಿಭಾ ಎಳೆಯುವುದನ್ನು ನಿಲ್ಲಿಸಿದ್ದಳು, ಬಿಟ್ಟಿರಲಿಲ್ಲ. ಪ್ರಭುಲಿಂಗ ಹತ್ತಿರ ಬಂದು, “ಮೇಡಂ, ನಿಮ್ಮೊಬ್ರದ್ದೇ ಪೆಂಡಿಂಗು,” ಎಂದರು.

ಅವಳು ದಾರದ ತುದಿಯನ್ನು ತಾಯಿಯತ್ತ ಚಾಚಿದಳು. “ನೀನ ಬಿಡವಾ. ನನ್ನ ಕೈಲೆ ಆಗೂದಿಲ್ಲ.”

ಶರಣಮ್ಮ ಹಿಡಿದುಕೊಂಡರು. ಗಾಳಿಗೆ ದೀಪ ಆಚೆಗೆ ಜಗ್ಗಿತು, ದಾರ ಬಿಗಿಯಾಯಿತು. ಬಿಡಬೇಕಾದ ಬೆರಳುಗಳು ದಾರವನ್ನು ಅಂಗೈಗೆ ಸುತ್ತಿಕೊಂಡವು. ಅವರು ಮಗಳ ಮುಖ ನೋಡಿದರು.

ಬಿಡಿ ತಾಯಿ, ಕಥೆ ಮುಗಿಸಬೇಕಾಗಿದೆ ಎಂದೆ.

“ಮುಗಸಾಕ ನಿಮಗೇನ್ರೀ ಅಷ್ಟು ಅವಸರ?” ಎಂದರು, ನನ್ನ ಕಡೆ ತಿರುಗದೆ.